ಬೆಂಕಿಯೂ ಪೌರಧರ್ಮವೂ

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರು ಎಂಬ ಗಾದೆ ನಮ್ಮಲ್ಲಿ ಎಲ್ಲರ ಬಾಯಲ್ಲಿಯೂ ಇದೆ. ಮುಂದಾಲೋಚನೆಯಿಲ್ಲದವನನ್ನು ಹಳಿಯುವುದಕ್ಕೆ ನಾವು ಅದನ್ನು ಬಳಸುತ್ತೇವೆ. ಆದರೆ ಗಾದೆಯು ಒಂದು ಸಂಗತಿಯನ್ನು ಹೇಳದೆ ಬಿಟ್ಟಿದೆ. ಬೆಂಕಿ ಆರಿ ಬೂದಿ ತಣ್ಣಗಾದ ಮೇಲೆ ಆ ಮನೆಯವನು ಬಾವಿಯನ್ನು ತೋಡಿ ಮುಗಿಸಿದನೆ, ಇಲ್ಲವೆ ಗುದ್ದಲಿಯನ್ನು ಬಿಸುಟು ಎದ್ದುಹೋದನೆ? ಒಬ್ಬನ ಮನೆಯ ಮಾತು ಹಾಗಿರಲಿ; ಊರಿಗೆ ಊರೇ ಸುಟ್ಟುಹೋದಾಗ ಅಲ್ಲಿಯ ಜನ ಮರುದಿನ ಏನು ಮಾಡುತ್ತಾರೆಂಬುದರ ಮೇಲೆ ಅದರ ಮುಂದಿನ ಬಾಳು ನಿಂತಿರುತ್ತದೆ. ಈ ಮಾತಿಗೆ ನಿದರ್ಶನವಾಗಿ ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಒಂದು ಚಿಕ್ಕ ನಗರದ ಚರಿತ್ರೆಯನ್ನೂ, ಬೆಂಕಿಯನ್ನು ಆರಿಸುವುದಕ್ಕಾಗಿ ಅಲ್ಲಿನ ಪೌರರು ಕಟ್ಟಿಕೊಂಡ ಕಟ್ಟುಪಾಡುಗಳನ್ನೂ ಇಂದು ಶ್ರೋತೃಗಳ ಮುಂದಿಡಬೇಕೆಂದಿದ್ದೇವೆ.

ಮ್ಯಾಸಚೂಸೆಟ್ಸ್ ಸಂಸ್ಥಾನದಲ್ಲಿ, ಬಾಸ್ಟನ್ ನಗರಕ್ಕೆ ಉತ್ತರವಾಗಿ ಸುಮಾರು ೩೫ ಮೈಲಿ ದೂರದಲ್ಲಿ, ಮೆರಿಮ್ಯಾಕ್ ನದಿಯು ಅಟ್ಲಾಂಟಿಕ್ ಸಾಗರವನ್ನು ಸೇರುವ ಎಡೆಯಲ್ಲಿ ನ್ಯೂಬರಿಪೋರ್ಟ್ ಎಂಬ ಊರುಂಟು. ನ್ಯೂಬರಿ ಎಂಬ ಹಳೆಯ ಊರಿನಿಂದ ೧೭೬೪ರಲ್ಲಿ ಅದು ಬೇರೆಯಾಯಿತು. ೧೮೫೧ರಲ್ಲಿ ನಗರವೆಂಬ ಪದವಿಯನ್ನು ಪಡೆಯಿತು. ಇಂದಿಗೂ ಅಲ್ಲಿಯ ಜನಸಂಖ್ಯೆ ಸುಮಾರು ೧೮,೦೦೦ ಮಾತ್ರ. ಗುಲಾಮಗಿರಿಯ ವಿರುದ್ಧ ಜೀವಮಾನವೆಲ್ಲ ಹೋರಾಡಿದ ವಿಲಿಯಂ ಲಾಯ್ಡ್ ಗ್ಯಾರಿಸನ್ ಹುಟ್ಟಿದುದು ಇಲ್ಲಿಯೇ, ೧೮೦೫ರಲ್ಲಿ. ಹಡಗು ಕಟ್ಟುವುದೂ ಕಡಲ ವ್ಯಾಪಾರವೂ ಈ ಊರಿನ ಮುಖ್ಯ ಜೀವನೋಪಾಯಗಳಾಗಿದ್ದುವು. ನದಿಯ ದಡದಲ್ಲಿ ಹಡಗುಕಟ್ಟೆಗಳು, ಅವುಗಳ ಹಿಂದೆ ಉಗ್ರಾಣಗಳು, ಅಲ್ಲಿಂದ ಮೇಲಕ್ಕೆ ಪೇಟೆ, ಅದಕ್ಕೂ ಮೇಲೆ ದಿಣ್ಣೆಯಲ್ಲಿ ಹಡಗಿನ ಯಜಮಾನರ ದೊಡ್ಡ ಮನೆಗಳು—ಇದು ಊರಿನ ವಿನ್ಯಾಸ.

ಆ ಸೀಮೆಯಲ್ಲಿ ಮರ ಹೇರಳ. ಕಲ್ಲು ಇಟ್ಟಿಗೆಗಳ ಕೆಲಸವಾದರೋ ದುಬಾರಿ. ಆದಕಾರಣ ಗೋಡೆಯೂ ಮರದ್ದೇ, ಮಾಡೂ ಮರದ ಹಲಗೆಯದೇ. ಚಳಿಗಾಲದಲ್ಲಿ ಹಗಲಿರುಳೂ ಒಲೆ ಉರಿಯಬೇಕು. ಹಡಗಿನ ಊರಾದ್ದರಿಂದ ಕೀಲು, ಹಗ್ಗ, ಹಾಯಿಬಟ್ಟೆ, ಎಣ್ಣೆಯ ಪೀಪಾಯಿಗಳು ಎಲ್ಲೆಲ್ಲಿಯೂ ರಾಶಿಬಿದ್ದಿರುತ್ತಿದ್ದುವು. ಇಂಥ ಕಡೆಯಲ್ಲಿ ಒಬ್ಬನ ಒಲೆಯ ಕಿಡಿ ಇಡೀ ಬೀದಿಯ ಪಾಲಿಗೆ ಮೃತ್ಯುವಾಗಬಹುದಾಗಿತ್ತು. ತನ್ನ ಮನೆಯನ್ನು ತಾನೊಬ್ಬನೇ ಕಾಪಾಡಿಕೊಳ್ಳುವುದು ಯಾವನಿಗೂ ಸಾಧ್ಯವಿರಲಿಲ್ಲ. ಈ ಅಸಹಾಯತೆಯ ಅರಿವಿನಿಂದಲೇ ಅಲ್ಲಿ ಒಂದು ಬಗೆಯ ಪೌರಧರ್ಮ ಬೆಳೆಯಿತು.

ಅದರ ಆರಂಭವನ್ನು ನೋಡಬೇಕಾದರೆ ನೆರೆಯ ಬಾಸ್ಟನ್ ನಗರಕ್ಕೆ ಹೋಗಬೇಕು. ೧೬೭೯ರ ಸುಮಾರಿಗೆ ಬಾಸ್ಟನ್ನಿನವರು ಇಂಗ್ಲೆಂಡಿನಿಂದ ಕೈಯಿಂದ ನಡೆಸುವ ಒಂದು ನೀರಿನ ಯಂತ್ರವನ್ನು ತರಿಸಿ, ಅದನ್ನು ನಡೆಸುವುದಕ್ಕೆ ಆಳುಗಳನ್ನು ಗೊತ್ತುಮಾಡಿದರು. ೧೭೧೧ರಲ್ಲಿ ಬೆಂಕಿಯ ಮೇಲ್ವಿಚಾರಕರೆಂಬ ಅಧಿಕಾರಿಗಳನ್ನು ನೇಮಿಸುವ ಶಾಸನ ಹುಟ್ಟಿತು. ಐದು ಅಡಿ ಉದ್ದದ, ಕೆಂಪು ಬಣ್ಣ ಬಳಿದ, ತುದಿಯಲ್ಲಿ ಹಿತ್ತಾಳೆಯ ಮೊನೆಯುಳ್ಳ ಒಂದು ಕೋಲು ಅವರ ಅಧಿಕಾರದ ಚಿಹ್ನೆ. ಕೋಲನ್ನು ಹಿಡಿದು ಬಂದವನ ಮಾತನ್ನು ಬೆಂಕಿಯ ಸ್ಥಳದಲ್ಲಿ ಧನಿಕನೂ ಕೇಳಬೇಕು, ಬಡವನೂ ಕೇಳಬೇಕು. ೧೭೧೭ರಲ್ಲಿ ಅದೇ ನಗರದಲ್ಲಿ ಪರಸ್ಪರ ಸಹಾಯದ ಅಗ್ನಿಸಂಘವೊಂದು ಏರ್ಪಟ್ಟಿತು. ಬಾಸ್ಟನ್ನಿನಲ್ಲಿ ಹುಟ್ಟಿ ಬೆಳೆದ ಬೆಂಜಮಿನ್ ಫ್ರಾಂಕ್ಲಿನ್ ೧೭೩೬ರಲ್ಲಿ ಫಿಲಡೆಲ್ಫಿಯದಲ್ಲಿ ಅಂಥದೇ ಸಂಘವನ್ನು ಸ್ಥಾಪಿಸಿದನು. ಅಲ್ಲಿಂದಾಚೆಗೆ ಈ ಪದ್ಧತಿಯು ಚಿಕ್ಕ ಊರುಗಳಲ್ಲಿಯೂ ಹರಡಿತು.

ಈ ಸಂಘಗಳ ನಿಯಮಗಳು ಸರಳವಾದುವು. ಪ್ರತಿಯೊಬ್ಬ ಸದಸ್ಯನೂ ತನ್ನ ಹೆಸರನ್ನು ಬರೆಯಿಸಿದ ಎರಡು ತೊಗಲಿನ ಬಕೆಟ್ಟುಗಳನ್ನೂ, ದೊಡ್ಡ ಗೋಣಿಚೀಲಗಳನ್ನೂ ಬಾಗಿಲ ಬಳಿಯಲ್ಲಿ ಸದಾ ಸಿದ್ಧವಾಗಿ ತೂಗುಹಾಕಿರಬೇಕು. ಗಂಟೆಯ ಸದ್ದು ಕೇಳಿದೊಡನೆ ಅವನ್ನು ತೆಗೆದುಕೊಂಡು ಓಡಬೇಕು. ಬಕೆಟ್ಟು ನೀರಿಗೆ, ಚೀಲವು ಉರಿಯುವ ಮನೆಯಿಂದ ಸಾಮಾನನ್ನು ಹೊರಸಾಗಿಸುವುದಕ್ಕೆ. ಇವುಗಳೊಡನೆ ಮಂಚದ ಕೀಲಿ ಎಂಬ ಒಂದು ಸಣ್ಣ ಉಪಕರಣವೂ ಇರುತ್ತಿತ್ತು. ಆ ಕಾಲದಲ್ಲಿ ಮನೆಯ ಒಡವೆಗಳಲ್ಲಿ ಮಂಚವು ಬಹಳ ಬೆಲೆಯುಳ್ಳದ್ದು. ಬಾಗಿಲಲ್ಲಿ ಹಿಡಿಸದ ಮಂಚವನ್ನು ಬೇಗನೆ ಬಿಚ್ಚಿ ತುಂಡುತುಂಡಾಗಿ ಹೊರಕ್ಕೆ ತರುವುದಕ್ಕೆ ಆ ಕೀಲಿ. ಗದ್ದಲದಲ್ಲಿ ಕಳ್ಳರು ನುಗ್ಗದಂತೆ ಸದಸ್ಯರಿಗೆ ಮಾತ್ರ ಗೊತ್ತಿರುವ ಒಂದು ಗುಟ್ಟಿನ ಮಾತೂ ಉಂಟು. ನ್ಯೂಬರಿಪೋರ್ಟಿಗೆ ಸುಮಾರು ೨೦ ಮೈಲಿ ಉತ್ತರದಲ್ಲಿ, ನ್ಯೂ ಹ್ಯಾಂಪ್‌ಶೈರ್ ಸಂಸ್ಥಾನದ ಪೋರ್ಟ್ಸ್‌ಮತ್ ನಗರದಲ್ಲಿ ೧೭೮೯ರಲ್ಲಿ ಹುಟ್ಟಿದ ‘ಫೆಡರಲ್ ಅಗ್ನಿಸಂಘ’ವು ಇಂದಿಗೂ ಅಳಿದಿಲ್ಲ. ಬೆಂಕಿ ಆರಿಸುವ ಕೆಲಸ ಅದರ ಕೈಬಿಟ್ಟುಹೋಗಿ ಬಹುಕಾಲವಾದರೂ ಸದಸ್ಯರು ಹಿಂದಿನಂತೆಯೇ ಸಭೆ ಸೇರಿ ಜೊತೆಯಲ್ಲಿ ಊಟಮಾಡುತ್ತಾರೆ.

ಇಷ್ಟೆಲ್ಲ ಏರ್ಪಾಡುಗಳಿದ್ದರೂ ೧೮೧೧ನೆಯ ಇಸವಿ ಮೇ ೩೧ರ ರಾತ್ರಿ ನ್ಯೂಬರಿಪೋರ್ಟಿನಲ್ಲಿ ಅವು ಸಾಲದೆ ಹೋದುವು. ರಾತ್ರಿ ಒಂಬತ್ತು ಗಂಟೆ ಕಳೆದ ಮೇಲೆ ಪೇಟೆಯ ಮಧ್ಯದಲ್ಲಿ ಯಾರೂ ಇಲ್ಲದ ಒಂದು ಕುದುರೆಲಾಯಕ್ಕೆ ಬೆಂಕಿ ಹತ್ತಿತು. ಗಾಳಿ ಬೀಸುತ್ತಿತ್ತು. ಉರಿಯು ಪೇಟೆಯ ಚೌಕವನ್ನು ಹಾಯ್ದು, ಸ್ಟೇಟ್ ಬೀದಿಯನ್ನು ಹಿಡಿದು, ನದಿಯ ದಡದವರೆಗೆ ಇಳಿಯಿತು. ಸುತ್ತಣ ಊರುಗಳಿಂದಲೂ ಜನ ಓಡಿಬಂದರು. ನದಿಯಿಂದ ಬೆಂಕಿಯವರೆಗೆ ಎರಡು ಸಾಲು ನಿಲ್ಲುವುದು ಆ ಕಾಲದ ಪದ್ಧತಿ. ಒಂದು ಸಾಲಿನಲ್ಲಿ ತುಂಬಿದ ಬಕೆಟ್ಟುಗಳು ಕೈಯಿಂದ ಕೈಗೆ ಮೇಲಕ್ಕೆ ಹೋಗುವುವು, ಇನ್ನೊಂದರಲ್ಲಿ ಹೆಂಗಸರು ಮಕ್ಕಳು ಬರಿಯ ಬಕೆಟ್ಟುಗಳನ್ನು ಹಿಂದಕ್ಕೆ ಸಾಗಿಸುವರು. ಆದರೆ ಅಂದಿನ ಉರಿಯ ಮುಂದೆ ಯಾವ ಸಾಲೂ ನಿಲ್ಲುವಂತಿರಲಿಲ್ಲ. ಬೆಳಗಾಗುವುದರೊಳಗೆ ಸುಮಾರು ೨೫೦ ಕಟ್ಟಡಗಳು ಬೂದಿಯಾಗಿದ್ದುವು. ಸುಮಾರು ೧೬ ಎಕರೆ ನೆಲ ಬಯಲಾಗಿತ್ತು. ಸುಂಕದ ಕಛೇರಿ, ಅಂಚೆಯ ಕಛೇರಿ, ಅಚ್ಚುಕೂಟಗಳು, ಪುಸ್ತಕದಂಗಡಿಗಳು ಎಲ್ಲವೂ ಹೋದುವು. ಬ್ಯಾಪ್ಟಿಸ್ಟರ ಪ್ರಾರ್ಥನಾಮಂದಿರವು ಇಟ್ಟಿಗೆಯ ದೊಡ್ಡ ಕಟ್ಟಡ. ಅದಕ್ಕೆ ಭಯವಿಲ್ಲವೆಂದು ನಂಬಿ ಜನರು ತಮ್ಮ ಸಾಮಾನುಗಳನ್ನೆಲ್ಲ ಅಲ್ಲಿಗೆ ಹೊತ್ತುತಂದು ತುಂಬಿದ್ದರು. ಕಡೆಗೆ ಅದೂ ಉರಿದುಹೋಯಿತು. ಉಳಿಸಿದೆವೆಂದುಕೊಂಡಿದ್ದುದೂ ಅದರೊಡನೆ ಹೋಯಿತು.

ಆಗ ಊರಿನ ಜನಸಂಖ್ಯೆ ಏಳು ಸಾವಿರದ ಮೇಲೆ. ಇಂಗ್ಲೆಂಡು ಫ್ರಾನ್ಸುಗಳ ಯುದ್ಧದ ಕಾಲದಲ್ಲಿ ಅಮೆರಿಕಾ ಸರ್ಕಾರವು ೧೮೦೭ರಲ್ಲಿ ಕಡಲ ವ್ಯಾಪಾರವನ್ನು ನಿರ್ಬಂಧಿಸಿದ್ದುದರಿಂದ ಊರು ಮೊದಲೇ ಸೊರಗಿತ್ತು. ಮರುವರ್ಷವೇ ಇಂಗ್ಲೆಂಡಿನೊಡನೆ ಯುದ್ಧ ಬರುವುದಿತ್ತು. ಬಾಸ್ಟನ್ನಿನಿಂದಲೂ ಇತರ ಊರುಗಳಿಂದಲೂ ಧನಸಹಾಯ ಬಂತು. ಆ ಹಣದಿಂದ ಮತ್ತೆ ಮರದ ಮನೆಗಳನ್ನೇ ಬೇಗಬೇಗನೆ ಎತ್ತಿ ನಿಲ್ಲಿಸಬಹುದಾಗಿತ್ತು. ಮಾಡು ಹಾರಿಹೋದವನಿಗೆ ಅದೇ ಸುಲಭವಾದ ದಾರಿ.

ಊರು ಆ ದಾರಿಯನ್ನು ಹಿಡಿಯಲಿಲ್ಲ. ಬೂದಿ ಇನ್ನೂ ಸರಿಯಾಗಿ ಆರದ ಆ ಬೇಸಗೆಯಲ್ಲಿಯೇ ಸಂಸ್ಥಾನದ ಶಾಸನಸಭೆಯಿಂದ ಒಂದು ಶಾಸನವಾಯಿತು. ಸುಟ್ಟ ಪೇಟೆಯ ಎಲ್ಲೆಯೊಳಗೆ ಹತ್ತು ಅಡಿಗಿಂತ ಎತ್ತರವಾದ ಕಟ್ಟಡವನ್ನು ಕಟ್ಟುವವನು ಇಟ್ಟಿಗೆಯಿಂದಲೋ ಕಲ್ಲಿನಿಂದಲೋ ಕಟ್ಟತಕ್ಕದ್ದು ಎಂಬುದು ಅದರ ಸಾರ. ಮನೆಗೂ ಮನೆಗೂ ನಡುವೆ ಇಟ್ಟಿಗೆಯ ಗೋಡೆ ನಿಂತರೆ ಒಂದು ಮಾಡಿನ ಉರಿ ಇನ್ನೊಂದನ್ನು ನೆಕ್ಕಲಾರದು. ಈ ಶಾಸನವು ಹಗುರವಾದ ಹೊರೆಯಲ್ಲ. ಇಟ್ಟಿಗೆಗೆ ಹಣವಿಲ್ಲದವನು ಎತ್ತರವಾಗಿ ಕಟ್ಟುವ ಆಸೆಯನ್ನು ಬಿಡಬೇಕು, ಇಲ್ಲವೆ ನಿವೇಶನವನ್ನು ಮಾರಬೇಕು. ಎಲ್ಲವನ್ನೂ ಕಳೆದುಕೊಂಡವನಿಗೆ ನೆರೆಯವನ ಕ್ಷೇಮಕ್ಕಾಗಿ ನೀನು ಇನ್ನಷ್ಟು ವೆಚ್ಚಮಾಡು ಎಂದು ಹೇಳುವುದು ಕಠಿನವಾದ ಮಾತೇ ಸರಿ. ಆದರೆ ತೊಗಲಿನ ಬಕೆಟ್ಟಿನ ಪ್ರತಿಜ್ಞೆಯಲ್ಲಿದ್ದ ತತ್ತ್ವವೂ ಇದೇ ಅಲ್ಲವೆ? ಅಲ್ಲಿ ಸ್ನೇಹದಿಂದ ಒಪ್ಪಿಕೊಂಡಿದ್ದುದನ್ನು ಇಲ್ಲಿ ಶಾಸನದಿಂದ ಬಿಗಿದರು, ಅಷ್ಟೇ ಭೇದ. ನೆರೆಯ ಪೋರ್ಟ್ಸ್‌ಮತ್ ೧೮೦೨ರಲ್ಲಿ ಒಮ್ಮೆ, ೧೮೦೬ರಲ್ಲಿ ಇನ್ನೊಮ್ಮೆ, ೧೮೧೩ರ ಡಿಸೆಂಬರಿನಲ್ಲಿ ಮತ್ತೊಮ್ಮೆ ಸುಟ್ಟಿತು. ಮೂರನೆಯ ಬೆಂಕಿಯಲ್ಲಿ ೨೪೪ ಕಟ್ಟಡಗಳು ಹೋದ ಮೇಲೆ ಅವರೂ ಅಂಥದೇ ಇಟ್ಟಿಗೆಯ ಶಾಸನವನ್ನು ಮಾಡಿದರು. ನ್ಯೂಬರಿಪೋರ್ಟಿಗೆ ಬುದ್ಧಿ ಬರಲು ಒಂದು ಬೆಂಕಿ ಸಾಕಾಯಿತು.

ಹೀಗೆ ಸ್ಟೇಟ್ ಬೀದಿಯ ಇಕ್ಕೆಲದಲ್ಲಿಯೂ ಮೂರು ಅಂತಸ್ತಿನ ಕೆಂಪು ಇಟ್ಟಿಗೆಯ ಸಾಲುಮಳಿಗೆಗಳು ಎದ್ದುವು. ಪೇಟೆಯ ಚೌಕದಲ್ಲಿ, ಹಿಂದೆ ಉರಿ ಹಾಯ್ದ ನೆಲದಲ್ಲಿಯೇ, ೧೮೨೩ರಲ್ಲಿ ಇಟ್ಟಿಗೆಯ ಒಂದು ಮಾರುಕಟ್ಟೆಯ ಮಂದಿರವನ್ನು ಕಟ್ಟಿದರು. ಕೆಳಗೆ ಅಂಗಡಿಗಳು, ಮೇಲೆ ಸಭೆ ಉಪನ್ಯಾಸಗಳಿಗೆ ಸ್ಥಳ. ಕಾಲಕ್ರಮದಲ್ಲಿ ಈ ಮಂದಿರವೇ ನಗರದ ಮುಖ್ಯ ಅಗ್ನಿಶಾಮಕ ಠಾಣೆಯಾಯಿತು. ಒಂದಾನೊಂದು ಕಾಲದಲ್ಲಿ ಬೆಂಕಿಯು ಗೆದ್ದ ಚೌಕದಲ್ಲಿಯೇ ಬೆಂಕಿಯ ವೈರಿ ಮನೆಮಾಡಿಕೊಂಡಂತಾಯಿತು.

ಇಂಥ ಠಾಣೆಯಲ್ಲಿ ಏನೇನಿರುತ್ತಿತ್ತೆಂಬುದನ್ನು ಸ್ವಲ್ಪ ವಿವರಿಸಬೇಕು. ಮೊದಲಿನದು ಕೈಯಂತ್ರ. ಗಾಲಿಗಳ ಮೇಲೆ ಒಂದು ದೊಡ್ಡ ತೊಟ್ಟಿ. ತೊಟ್ಟಿಯೊಳಗೆ ಜೋಡಿ ಪಂಪು. ಪಂಪಿನ ಮೇಲೆ ತಕ್ಕಡಿಯ ದಂಡಿಗೆಯಂತೆ ಆಡುವ ಒಂದು ತೊಲೆ. ತೊಲೆಯ ಎರಡು ಕಡೆಗೂ ಉದ್ದವಾದ ಹಿಡಿಗಳು. ಹಿಡಿಗಳ ಉದ್ದಕ್ಕೂ ನಿಂತ ಆಳುಗಳು ಒಂದು ಪಕ್ಕದವರು ಅದುಮಿದಾಗ ಇನ್ನೊಂದು ಪಕ್ಕದವರು ಎತ್ತುತ್ತ ಒಂದೇ ಲಯದಲ್ಲಿ ದುಡಿಯಬೇಕು. ಪಂಪು ನೀರನ್ನು ತಡೆತಡೆದು ನೂಕುತ್ತದೆ. ಹಾಗೆ ಬಿಟ್ಟರೆ ಕೊಳವೆಯಿಂದ ನೀರು ಬಿಕ್ಕಿಬಿಕ್ಕಿ ಹೊರಬೀಳುವುದು. ಅದಕ್ಕಾಗಿ ನೀರನ್ನು ಮೊದಲು ಗಾಳಿ ತುಂಬಿದ ಒಂದು ತಾಮ್ರದ ಗುಮ್ಮಟದೊಳಗೆ ಹಾಯಿಸುತ್ತಾರೆ. ಒಳಗಿನ ಗಾಳಿಯು ಅದುಮಿಕೊಂಡು, ಪಂಪಿನ ಎರಡು ಹೊಡೆತಗಳ ನಡುವೆ ತಾನೇ ನೀರನ್ನು ನೂಕುವುದರಿಂದ ಧಾರೆ ತುಂಡಾಗುವುದಿಲ್ಲ. ಪಾಲ್ ರಿವೀರನಲ್ಲಿ ಕೆಲಸ ಕಲಿತ ವಿಲಿಯಂ ಹನ್ನೆಮನ್ ಎಂಬಾತನು ಬಾಸ್ಟನ್ನಿನಲ್ಲಿ ಇಂಥ ಯಂತ್ರಗಳನ್ನು ಮಾಡತೊಡಗಿದನು. ಅವನ ಮನೆತನದ ಕಾರ್ಖಾನೆಯಿಂದ ಏಳುನೂರಕ್ಕೆ ಮೇಲ್ಪಟ್ಟು ಯಂತ್ರಗಳು ಹೊರಬಂದುವು.

ಹಳೆಯ ಠಾಣೆಗಳ ಮೇಲೆ ಕಾಣುವ ಎತ್ತರವಾದ ಗೋಪುರವು ಬರಿಯ ಅಂದಕ್ಕಲ್ಲ. ನೆನೆದ ಕೊಳವೆಯನ್ನು ಸುತ್ತಿಟ್ಟರೆ ಕೊಳೆಯುತ್ತದೆ. ಉದ್ದವಾಗಿ ತೂಗುಬಿಟ್ಟು ನೀರನ್ನು ಸೋರಿಸಿ ಒಣಗಿಸಬೇಕು. ಗೋಪುರದ ತುದಿಯಲ್ಲಿ ಗಂಟೆ. ೧೮೫೨ರಲ್ಲಿ ಬಾಸ್ಟನ್ನಿನವರು ಬೆಂಕಿಯ ಸುದ್ದಿಯನ್ನು ತಂತಿಯ ಮೂಲಕ ಕಳುಹಿಸುವ ಪೆಟ್ಟಿಗೆಗಳನ್ನು ಬೀದಿಬೀದಿಯಲ್ಲಿ ಇಟ್ಟರು. ಅಲ್ಲಿಂದಾಚೆಗೆ ಗಂಟೆಯ ಬಡಿತಗಳನ್ನು ಎಣಿಸಿದರೆ ಬೆಂಕಿ ಯಾವ ಮೊಹಲ್ಲದಲ್ಲಿದೆಯೆಂದು ಮನೆಯೊಳಗಿದ್ದವರಿಗೂ ಗೊತ್ತಾಗುತ್ತಿತ್ತು. ಆ ಸೀಮೆಯ ಅನೇಕ ಚಿಕ್ಕ ಊರುಗಳಲ್ಲಿ ಹಿಮ ಹೆಚ್ಚಾಗಿ ಬಿದ್ದು ಶಾಲೆಗೆ ರಜವಾದ ದಿನ ಅದನ್ನು ಮಕ್ಕಳಿಗೆ ಸಾರುತ್ತಿದ್ದುದೂ ಠಾಣೆಯ ಕೊಂಬೇ. ಆಳುಗಳು ಮಹಡಿಯಿಂದ ಜಾರಿ ಇಳಿಯುವ ಕಂಬವು ೧೮೭೮ರಲ್ಲಿ ಷಿಕಾಗೋ ನಗರದಲ್ಲಿ ಹುಟ್ಟಿತು. ನೀಗ್ರೋ ಜನಾಂಗದವರಿಂದಲೇ ಕೂಡಿದ್ದ ೨೧ನೆಯ ತಂಡದವರು ಅದನ್ನು ಮೊದಲು ಬಳಸಿದರು. ಇವರಿಗೇಕೆ ಈ ಆಟ ಎಂದು ನಕ್ಕವರು, ಆ ತಂಡವೇ ಎಲ್ಲರಿಗಿಂತ ಮೊದಲು ಬೆಂಕಿಯ ಸ್ಥಳವನ್ನು ಸೇರುವುದನ್ನು ಕಂಡು ತಾವೂ ಕಂಬವನ್ನು ನೆಟ್ಟರು.

ಈ ಸಂಪ್ರದಾಯದಲ್ಲಿ ಕುಂದುಗಳಿರಲಿಲ್ಲವೆಂದು ನಾವು ಹೇಳುವುದಿಲ್ಲ. ದೊಡ್ಡ ನಗರಗಳಲ್ಲಿ ಸ್ವಯಂಸೇವಕ ತಂಡಗಳ ನಡುವಣ ಸ್ಪರ್ಧೆ ಕೆಲವು ವೇಳೆ ಕೈಕೈ ಮಿಲಾಯಿಸುವವರೆಗೆ ಹೋಗುತ್ತಿತ್ತು. ಮನೆ ಉರಿಯುತ್ತಿರುವಾಗಲೇ ನೀರಿನ ಸೆಲೆ ತಮ್ಮದೆಂದು ಬಡಿದಾಡಿದವರೂ ಉಂಟು. ಇದರಿಂದ ಬೇಸತ್ತ ಸಿನ್ಸಿನಾಟಿ ನಗರವು ೧೮೫೩ರಲ್ಲಿ ಸಂಬಳದ ಆಳುಗಳನ್ನೂ ಉಗಿಯಂತ್ರವನ್ನೂ ಗೊತ್ತುಮಾಡಿತು. ಹತ್ತಾರು ಮಂದಿ ಬೆವರು ಸುರಿಸಿ ಮಾಡುತ್ತಿದ್ದ ಕೆಲಸವನ್ನು ಉಗಿಯು ದಣಿವಿಲ್ಲದೆ ಮಾಡಿತು. ಕ್ರಮೇಣ ಬೇರೆ ಊರುಗಳೂ ಅದೇ ಮಾರ್ಗವನ್ನು ಹಿಡಿದುವು. ಆದರೂ ಚಿಕ್ಕ ಊರುಗಳಲ್ಲಿ ಹಳೆಯ ಪದ್ಧತಿ ಪೂರ್ತಿಯಾಗಿ ಹೋಗಲಿಲ್ಲ. ಆ ದೇಶದ ಅಗ್ನಿಶಾಮಕರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಇಂದಿಗೂ ಸ್ವಯಂಸೇವಕರೇ.

ಕೆಲಸ ತಪ್ಪಿದ ಕೈಯಂತ್ರಗಳ ಗತಿ ಏನಾಯಿತು? ಇಲ್ಲಿ ಒಂದು ಸೊಗಸಾದ ಸಂಪ್ರದಾಯ ಬೆಳೆಯಿತು. ಹಳೆಯ ಯಂತ್ರಗಳನ್ನು ಕೊಂಡು ಹೊಳಪಿಟ್ಟು, ಊರೂರುಗಳ ತಂಡಗಳು ಒಂದೆಡೆ ನೆರೆದು ಪಂದ್ಯವಾಡತೊಡಗಿದುವು. ೧೮೪೯ರ ಜುಲೈ ೪ರಂದು ಮೇನ್ ಸಂಸ್ಥಾನದ ಬಾತ್ ಎಂಬ ಊರಿನಲ್ಲಿ ನಡೆದದ್ದು ಇಂಥ ಮೇಳಗಳಲ್ಲಿ ಮೊದಲಿನದೆಂದು ಹೇಳುತ್ತಾರೆ. ೧೮೯೦ರಲ್ಲಿ ಹಳಬ ಅಗ್ನಿಶಾಮಕರ ಒಂದು ಒಕ್ಕೂಟ ಏರ್ಪಟ್ಟು ಪಂದ್ಯಕ್ಕೆ ನಿಯಮಗಳಾದುವು. ಪ್ರತಿಯೊಂದು ತಂಡಕ್ಕೂ ಹದಿನೈದು ನಿಮಿಷಗಳ ಅವಕಾಶ. ಕೊಳವೆಯ ಮುಂದೆ ನೆಲದ ಮೇಲೆ ಉದ್ದಕ್ಕೂ ಕಾಗದವನ್ನು ಹಾಸಿರುತ್ತಾರೆ. ಅದರ ಮೇಲೆ ಅತ್ಯಂತ ದೂರದಲ್ಲಿ ಬಿದ್ದ ಹನಿಯ ಗುರುತಿನವರೆಗೆ ಅಳೆಯುತ್ತಾರೆ. ಒಂದೇ ಒಂದು ಹನಿಯ ಗುರುತಿನಿಂದ ಗೆಲುವು ಸೋಲುಗಳು ತೀರ್ಮಾನವಾಗುತ್ತವೆ. ಹಿಂದೆ ಮನೆಯನ್ನುಳಿಸಲು ಒಂದೇ ಲಯದಲ್ಲಿ ದುಡಿದ ತೋಳುಗಳ ನೆನಪು ಹೀಗೆ ಆಟವಾಗಿ ಉಳಿಯಿತು.

ಇನ್ನು ನ್ಯೂಬರಿಪೋರ್ಟಿಗೆ ಬಂದ ಎರಡನೆಯ ಗಂಡಾಂತರವನ್ನು ಹೇಳಬೇಕು. ಇದು ಬೆಂಕಿಯಿಂದ ಬಂದದ್ದಲ್ಲ. ಹಡಗುಗಳ ಕಾಲ ಕಳೆದು ಊರು ಬಡವಾಯಿತು. ಹೊಸದಾಗಿ ಕಟ್ಟಲು ಹಣವಿಲ್ಲದುದರಿಂದಲೇ ಹಳೆಯ ಇಟ್ಟಿಗೆಯ ಬೀದಿಗಳು ಮಾರ್ಪಾಡಿಲ್ಲದೆ ನಿಂತಿದ್ದುವು. ೧೯೬೦ರಲ್ಲಿ ಪೇಟೆಯನ್ನು ಹೊಸದಾಗಿಸಲು ಒಂದು ಪ್ರಾಧಿಕಾರವನ್ನು ರಚಿಸಿದರು. ಪಾಳುಬಿದ್ದುವೆಂದು ಎಣಿಸಿದ ಕಟ್ಟಡಗಳನ್ನು ಕೆಡವಿ, ಹೊಸ ಅಂಗಡಿಗಳಿಗೂ ಮೋಟಾರುಗಳ ನಿಲುಗಡೆಗೂ ಎಡೆಮಾಡುವುದು ಅದರ ಉದ್ದೇಶ. ಕೇಂದ್ರ ಸರ್ಕಾರದ ಹಣ ಬರುವುದಿತ್ತು. ಕೆಲಸವಿಲ್ಲದ ಊರಿಗೆ ಅದು ಬೇಡವೆನ್ನುವುದು ಸುಲಭವಲ್ಲ. ಅನೇಕ ಕಟ್ಟಡಗಳು ಉರುಳಿಯೂ ಹೋದುವು. ೧೮೧೧ರ ಬೆಂಕಿಯ ಬಳಿಕ ಯಾವ ಉರಿಯಿಂದಲೂ ಅಳಿಯದಿದ್ದ ಪೇಟೆಯು ಈಗ ಊರಿನವರ ಸ್ವಂತ ತೀರ್ಮಾನದಿಂದಲೇ ಅಳಿಯುವ ಹಾಗಿತ್ತು.

ಆಗ ಪೌರರಲ್ಲಿ ಕೆಲವರು, ಊರಿನ ಚರಿತ್ರಸಂಘದವರೂ ಸೇರಿ, ತಡೆದು ನಿಂತರು. ಸಭೆಗಳು ನಡೆದುವು, ವಾದಗಳಾದುವು. ಕಡೆಗೆ ಯೋಜನೆಯನ್ನೇ ತಿರುಗಿಸಿದರು. ಕೆಡವುವುದಕ್ಕೆಂದು ಗೊತ್ತಾಗಿದ್ದ ಹಣವನ್ನು ಉಳಿಸುವುದಕ್ಕೆ, ಹಳೆಯ ಗೋಡೆಗಳನ್ನು ದುರಸ್ತುಮಾಡುವುದಕ್ಕೆ ಉಪಯೋಗಿಸಬಹುದೆಂದು ಸರ್ಕಾರವನ್ನು ಒಪ್ಪಿಸಿದರು. ೧೯೭೦ರ ದಶಕದಲ್ಲಿ ಪೇಟೆಯ ಚೌಕವೂ ಸುತ್ತಣ ಬೀದಿಗಳೂ ಮತ್ತೆ ಕಳೆಗೂಡಿದುವು. ಕೇಂದ್ರದ ಇಂಥ ಹಣವನ್ನು ಕೆಡವುವುದಕ್ಕೆ ಬದಲಾಗಿ ಉಳಿಸುವುದಕ್ಕೆ ಬಳಸಿದ ಮೊದಲಿನ ಊರುಗಳಲ್ಲಿ ನ್ಯೂಬರಿಪೋರ್ಟೂ ಒಂದು. ಅಗ್ನಿಶಾಮಕ ದಳವು ಬೇರೆಯ ಕಡೆಗೆ ಹೋದ ಮೇಲೆ ೧೮೨೩ರ ಮಂದಿರ ಬರಿದಾಯಿತು. ಅದನ್ನೂ ಬಿಡದೆ ೧೯೯೧ರಲ್ಲಿ ಕಲಾಮಂದಿರವಾಗಿ ತೆರೆದರು. ಯಂತ್ರಗಳು ನಿಲ್ಲುತ್ತಿದ್ದ ಕಟ್ಟಡದಲ್ಲಿ ಈಗ ೧೯೫ ಆಸನಗಳ ಒಂದು ನಾಟಕಶಾಲೆಯಿದೆ. ಹೆಸರಿನಲ್ಲಿ ಮಾತ್ರ ಹಳೆಯ ವೃತ್ತಿಯನ್ನು ಬಿಟ್ಟಿಲ್ಲ. ಅಗ್ನಿಶಾಮಕರ ಮನೆಯೆಂದೇ ಇಂದಿಗೂ ಅದನ್ನು ಕರೆಯುತ್ತಾರೆ.

ಈ ಚರಿತ್ರೆಯಲ್ಲಿ ನಮಗೆ ಗ್ರಾಹ್ಯವಾಗಿ ತೋರುವ ಅಂಶವನ್ನು ಹೇಳಿ ಮುಗಿಸುತ್ತೇವೆ. ಊರನ್ನು ಕಾಪಾಡಿದುದು ಯಂತ್ರವೆಂದು ಹೇಳುವುದು ಸುಲಭ. ಯಂತ್ರದ ಉಪಕಾರವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ತೊಗಲಿನ ಬಕೆಟ್ಟು ಹೋಗಿ ಕೈಯಂತ್ರ ಬಂತು, ಕೈಯಂತ್ರ ಹೋಗಿ ಉಗಿಯಂತ್ರ ಬಂತು, ಅದೂ ಹೋಗಿ ಮೋಟಾರು ಬಂತು. ಇವೆಲ್ಲ ಬದಲಾಗುತ್ತಿದ್ದರೂ ಬದಲಾಗದೆ ಉಳಿದುದು ಒಂದು ಒಪ್ಪಂದ: ನಿನ್ನ ಮನೆಯ ಬೆಂಕಿ ನನ್ನದೂ ಹೌದು, ನನ್ನ ಗೋಡೆಯ ಇಟ್ಟಿಗೆ ನಿನಗಾಗಿಯೂ ಹೌದು ಎಂಬುದು. ಆ ಒಪ್ಪಂದವನ್ನು ಬೆಂಕಿ ಬೀಳುವುದಕ್ಕೆ ಮುಂಚೆ ಮಾಡಿಕೊಳ್ಳಬೇಕು. ಬಿದ್ದ ಮೇಲೆ ಮರೆಯದಿರಬೇಕು. ಗಂಡಾಂತರವು ಬೆಂಕಿಯ ರೂಪದಲ್ಲಿ ಬಾರದೆ ಬೇರೊಂದು ವೇಷದಲ್ಲಿ ಬಂದಾಗಲೂ ಗುರುತಿಸಬೇಕು. ಬಾಗಿಲ ಬಳಿ ತೂಗುತ್ತಿದ್ದ ಬಕೆಟ್ಟಿನ ಮೇಲೆ ಮನೆಯವನ ಹೆಸರು ಬರೆದಿರುತ್ತಿತ್ತು. ಆದರೆ ಅವನು ಅದನ್ನು ಹಿಡಿದು ಓಡುತ್ತಿದ್ದುದು ಬಹುಮಟ್ಟಿಗೆ ಬೇರೆಯವರ ಮನೆಗೆ.